ಕಣದ ಮೇಲಿನ ಕಪ್ಪೆಗಣ್ಣು

ಕಾಫಿ ಕಣದ ಮೂಲೆಯ ಕಂಬಕ್ಕೆ ಕಟ್ಟಿದ ಕ್ಯಾಮೆರಾಗೆ ಕಣವೇ ಕಾಣುವುದಿಲ್ಲ ಎಂದರೆ ನಂಬುತ್ತೀರಾ? ಚಿತ್ರವೇನೋ ರಾತ್ರಿಯಿಡೀ ಬರುತ್ತಿರುತ್ತದೆ. ಆದರೆ ‘ಯಾರೋ ಬಂದರು’ ಎಂದು ನಡುರಾತ್ರಿ ಮಾಲೀಕರ ಫೋನು ಕೂಗಿಸುವ ಒಳಗಿನ ಬುದ್ಧಿಗೆ ಚೆರಿ ರಾಶಿ ಗೊತ್ತಿಲ್ಲ, ಗೋಡೌನಿನ ಬೀಗ ಗೊತ್ತಿಲ್ಲ, ಎಷ್ಟೋ ಸಾದಾ ಕ್ಯಾಮೆರಾಗಳಲ್ಲಿ ಮನುಷ್ಯನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಒಂದು ಸಂಗತಿ: ಈಗಷ್ಟೇ ಹೇಗಿತ್ತೋ ಈಗ ಹಾಗಿಲ್ಲ!

ಇಷ್ಟೇನಾ? ಇಷ್ಟೇ! ಮೂಡಿಗೆರೆಯಿಂದ ಕಳಸದವರೆಗೆ ತೋಟದ ಮನೆಗಳ ಸೂರಿನಡಿ, ಪಲ್ಪರ್ ಶೆಡ್ಡಿನ ತೊಲೆಯಲ್ಲಿ, ಗೇಟಿನ ಕಂಬದ ಮೇಲೆ ಕೂತಿರುವ ಸಾವಿರಾರು ಕಣ್ಣುಗಳ ಗುಟ್ಟು ಒಂದು ಕಳೆಯುವ ಲೆಕ್ಕ. ಸಾಮಾನ್ಯ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಒಂದೊಂದು ಚುಕ್ಕೆಯ ಬೆಳಕಿಗೂ ಸೊನ್ನೆಯಿಂದ 255ರವರೆಗೆ ಒಂದು ಅಂಕಿ. ಸೆಕೆಂಡಿಗೆ 25 ಸಲ ಹೊಸ ಚಿತ್ರ ಬರುತ್ತದೆ. ಈಗಿನ ಅಂಕಿಯಿಂದ ಹಿಂದಿನ ಅಂಕಿ ಕಳೆ. ಉತ್ತರ ಸೊನ್ನೆಯಾದರೆ ಏನೂ ಆಗಿಲ್ಲ. ಕಣ, ಗೋಡೆ, ಟಾರ್ಪಾಲು, ಒಣಗಲು ಹರಡಿದ ಚೆರಿ ಎಲ್ಲವೂ ಸೊನ್ನೆಯಾಗಿ ಕರಗಿಹೋಗುತ್ತವೆ. ಹೊಲಿಗೆ ಹಾಕಿದ ಮೂಟೆಯ ಕಡೆಗೆ ಯಾರದೋ ಕೈ ಚಾಚಿತೋ, ಆ ಕೈ ಮಾತ್ರ ಸೊನ್ನೆಗಳ ಸಮುದ್ರದಲ್ಲಿ ಅಂಕಿಗಳಾಗಿ ಮೇಲೇಳುತ್ತದೆ. ಶಾಲೆಯ ಎರಡನೇ ತರಗತಿಯ ಲೆಕ್ಕ ಒಂದು ಇಡೀ ತೋಟ ಕಾಯುತ್ತಿದೆ!

ಇದನ್ನು ಕಣ್ಣಾರೆ ಕಂಡದ್ದು ಕೊಟ್ಟಿಗೆಹಾರದ ಕಡೆಯ ಪರಿಚಯದವರ ತೋಟದ ಆಫೀಸು ಕೋಣೆಯಲ್ಲಿ. ಕ್ಯಾಮೆರಾ ಹಾಕಲು ಬಂದ ಹುಡುಗ ಡಿವಿಆರ್ ಎಂಬ ರೆಕಾರ್ಡರ್‌ನ ಮೋಷನ್ ಡಿಟೆಕ್ಷನ್ ಪುಟ ತೆರೆದ. ಕಣದ ಚಿತ್ರದ ಮೇಲೆ ಕೆಂಪು ಗೆರೆಗಳ ಬಲೆ ಬಿತ್ತು. ಮೌಸ್ ಎಳೆದು ಒಂದೊಂದೇ ಚೌಕ ಅಳಿಸುತ್ತ ಹೋದ.

“ಸಾರ್, ಈ ಮೆಣಸಿನ ಬಳ್ಳಿ ತೆಗ್ದುಬಿಡ್ತೇನೆ. ಸ್ವಲ್ಪ ಗಾಳಿ ಬಂದ್ರೂ ರಾತ್ರಿಯಿಡೀ ನಿಮ್ಮ ಫೋನು ಹೊಡ್ಕೊಳ್ತದೆ.”

“ಬಳ್ಳಿ ತೆಗಿ ಮಾರಾಯ. ಗೇಟಿನ ಬುಡ ಮಾತ್ರ ಬಿಡ್ಬೇಡ.”

ಸಿಲ್ವರ್ ಓಕಿನ ರೆಂಬೆ ಹೋಯಿತು. ಒಣಗಲು ಹಾಕಿದ ಬಟ್ಟೆಯ ಹಗ್ಗ ಹೋಯಿತು. ಗೋಡೌನಿನ ಬಾಗಿಲು, ಕಣದ ಅಂಚು, ಗೇಟಿನ ಬುಡ ಉಳಿದವು. ನಾನು ಸುಮ್ಮನೆ ಚೌಕ ಎಣಿಸಿದೆ. ಅಡ್ಡಕ್ಕೆ 22, ಉದ್ದಕ್ಕೆ 18. ಯಾಕೆ 22? ಯಾಕೆ 18? ಸುತ್ತಿನ ಸಂಖ್ಯೆಯೊಂದನ್ನು ಇಟ್ಟುಕೊಳ್ಳಬಹುದಿತ್ತಲ್ಲ? ಉತ್ತರ ಸಿಕ್ಕಾಗ ನನ್ನ ಮೈ ಜುಮ್ಮೆಂದಿತು. ಹಳೆಯ ವಿಡಿಯೋದ ಒಂದು ಪ್ರಮಾಣಿತ ಅಳತೆ 352 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುವ ಹಲವು ವಿಧಾನಗಳು ಚಿತ್ರವನ್ನು 16 ಚುಕ್ಕೆಯ ಚೌಕಗಳಾಗಿ ಕತ್ತರಿಸುತ್ತವೆ. 352ನ್ನು 16ರಿಂದ ಭಾಗಿಸಿ: 22. 288ನ್ನು ಭಾಗಿಸಿ: 18! ಆ ಕೆಂಪು ಬಲೆ ವಿಡಿಯೋ ಹಿಂಡುವ ಚೌಕಗಳ ಅಳತೆಯನ್ನೇ ಹೊತ್ತು ಕೂತಿತ್ತು.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. ಹಿಂಡುವ ಯಂತ್ರ ಮೊದಲಿಂದಲೂ ಒಂದೊಂದು ಚೌಕಕ್ಕೂ ಕೇಳುತ್ತಿರುವ ಪ್ರಶ್ನೆ ಯಾವುದು ಗೊತ್ತೇ? ‘ನೀನು ಹಿಂದಿನ ಚಿತ್ರದಲ್ಲಿ ಎಲ್ಲಿದ್ದೆ?’ ಅಲ್ಲೇ ಇದ್ದರೆ ಮತ್ತೆ ಬರೆಯುವ ಕೆಲಸವಿಲ್ಲ, ಜಾಗ ಉಳಿಯಿತು. ಪಕ್ಕಕ್ಕೆ ಸರಿದಿದ್ದರೆ ಎಷ್ಟು ಸರಿಯಿತು ಎಂದಷ್ಟೇ ಬರೆದಿಟ್ಟರೆ ಸಾಕು. ಅಂದರೆ ಸಿನಿಮಾ ಡಿಸ್ಕಿನಲ್ಲಿ, ಟೀವಿಯಲ್ಲಿ, ಮಗಳ ವಿಡಿಯೋ ಕಾಲಿನಲ್ಲಿ, ಎಲ್ಲೆಲ್ಲಿ ವಿಡಿಯೋ ಇದೆಯೋ ಅಲ್ಲೆಲ್ಲ ಚಲನೆಯ ಹುಡುಕಾಟ ಸದ್ದಿಲ್ಲದೆ ನಡೆದೇ ಇದೆ!

ತೋಟದವರಿಗೆ ಅಲುಗಾಟ ಹಿಡಿಯುವ ಈ ವಿದ್ಯೆಯಿಂದ ಆಗುವ ಉಳಿತಾಯ ಸಣ್ಣದಲ್ಲ. ಸೆಕೆಂಡಿಗೆ ನಾಲ್ಕು ಮೆಗಾಬಿಟ್‌ನಂತೆ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ನುಂಗುತ್ತದೆ. ನಾಲ್ಕು ಕ್ಯಾಮೆರಾ ಎಡೆಬಿಡದೆ ಬರೆದರೆ ಒಂದು ಟೆರಾಬೈಟಿನ ಡಿಸ್ಕು ಆರು ದಿನ ತುಂಬುವುದರೊಳಗೆ ಭರ್ತಿ. ಕೊಯ್ಲೋ, ತಿಂಗಳುಗಟ್ಟಲೆ ನಡೆಯುವ ಕೆಲಸ! ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ವರ್ಷದ ದುಡಿಮೆಯೆಲ್ಲ ಬಯಲಲ್ಲಿ ಹರಡಿಕೊಂಡು ಮಲಗಿರುವ ಕಾಲ ಅದು. ಅಲುಗಿದಾಗ ಮಾತ್ರ ಬರೆ ಎಂದು ಹೇಳಿಟ್ಟರೆ ಅದೇ ಡಿಸ್ಕು ವಾರಗಟ್ಟಲೆ ಸಾಕಾಗುತ್ತದೆ. ಹಾಗಾದರೆ ಅಲುಗಾಟ ಶುರುವಾಗುವ ಮುಂಚಿನದು ಕಳೆದುಹೋಯಿತೇ? ಇಲ್ಲ! ರೆಕಾರ್ಡರ್ ಕೊನೆಯ ಐದು ಹತ್ತು ಸೆಕೆಂಡುಗಳನ್ನು ಸದಾ ನೆನಪಲ್ಲಿ ಹಿಡಿದುಕೊಂಡೇ ಇರುತ್ತದೆ; ಬೇಡವಾದರೆ ಮರೆಯುತ್ತದೆ, ಬೇಕಾದಾಗ ಆಗಿಹೋದ ಕ್ಷಣವನ್ನು ತಂದು ಮುಂದೆ ಜೋಡಿಸುತ್ತದೆ. ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಮಕ್ಕಳು ಬೆಂಗಳೂರಿನಲ್ಲಿ. ಅಂಥ ಮನೆಗಳಿಗೆ ಈ ಹತ್ತು ಸೆಕೆಂಡು ಎಷ್ಟು ದೊಡ್ಡದು!

ಈಗ ಕೆರೆದಂಡೆಗೆ ಬನ್ನಿ. ಮಲೆನಾಡಿನ ಮೊದಲ ಮಳೆಗೆ ವಟಗುಟ್ಟುವ ಕಪ್ಪೆಯನ್ನು ನೋಡಿ. 1959ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೆಟ್ವಿನ್, ಮತುರಾನ, ಮೆಕಲಕ್, ಪಿಟ್ಸ್ ಎಂಬ ನಾಲ್ವರು, ಕಪ್ಪೆಯ ಕಣ್ಣು ಕಪ್ಪೆಯ ಮಿದುಳಿಗೆ ಏನು ಹೇಳುತ್ತದೆ ಎಂಬ ಪ್ರಬಂಧ ಪ್ರಕಟಿಸಿದರು. ಕಣ್ಣಿನಿಂದ ಹೊರಡುವ ನರತಂತುಗಳಿಗೆ ಸೂಕ್ಷ್ಮ ತಂತಿ ಹಚ್ಚಿ ಆಲಿಸಿದರು. ಕಣ್ಣು ಮಿದುಳಿಗೆ ಚಿತ್ರ ಕಳಿಸುತ್ತಲೇ ಇರಲಿಲ್ಲ! ಸುದ್ದಿ ಕಳಿಸುತ್ತಿತ್ತು. ಒಂದು ಜಾತಿಯ ತಂತು, ಸಣ್ಣ ಕಪ್ಪು ಚುಕ್ಕೆಯೊಂದು ನೋಟದ ವಲಯಕ್ಕೆ ಬಂದು ಅತ್ತಿತ್ತ ಅಲೆದಾಗ ಜೋರಾಗಿ ಮಿಡಿಯುತ್ತಿತ್ತು. ಹಿನ್ನೆಲೆಯೆಲ್ಲ ಒಟ್ಟಿಗೆ ಸರಿದರೆ ಅದಕ್ಕೆ ಗಣನೆಯೇ ಇಲ್ಲ. ಸುತ್ತ ಸತ್ತ ನೊಣ ರಾಶಿ ಬಿದ್ದಿದ್ದರೂ ಕಪ್ಪೆ ಉಪವಾಸ ಸಾಯುತ್ತದೆ. ಅಲುಗದ ಅನ್ನ ಅದಕ್ಕೆ ಅನ್ನವಲ್ಲ. ಕಣದ ಕಂಬದ ಮೇಲಿರುವುದೂ ಇದೇ ಕಣ್ಣು! ತೋಟದ ಕೆರೆಯಲ್ಲಿ ಯುಗಯುಗಗಳಿಂದ ಕೂತಿದ್ದ ಉಪಾಯವನ್ನು ನಾವು ಈಗ ಕಂಬದ ಮೇಲೆ ಕಟ್ಟಿದ್ದೇವೆ.

ಕಪ್ಪೆಗಿಂತ ಮೂರು ವರ್ಷ ಮುಂಚೆ, 1956ರಲ್ಲಿ, ಒಂದು ಹುಳು ಇನ್ನೂ ಆಳದ ಗುಟ್ಟು ಬಿಟ್ಟುಕೊಟ್ಟಿತ್ತು. ಜರ್ಮನಿಯ ಹಾಸೆನ್‌ಸ್ಟೈನ್ ಮತ್ತು ರೈಖಾರ್ಟ್ ಎಂಬ ವಿಜ್ಞಾನಿಗಳು ಒಂದು ಸೊಂಡಿಲು ಹುಳುವಿನ ಬೆನ್ನನ್ನು ಕಡ್ಡಿಗೆ ಅಂಟಿಸಿ, ಅದರ ಕಾಲುಗಳಿಗೆ ಹಗುರವಾದ ಕಡ್ಡಿಯ ಗೋಳವೊಂದನ್ನು ಹಿಡಿಸಿದರು. ಹುಳು ನಡೆದಂತೆ ಗೋಳ ಉರುಳುತ್ತದೆ, ಹುಳು ಇದ್ದಲ್ಲೇ ಇರುತ್ತದೆ. ಮತ್ತೆ ಮತ್ತೆ ಕವಲು ಎದುರಾಗುತ್ತದೆ: ಎಡವೋ, ಬಲವೋ? ಸುತ್ತ ಕಪ್ಪು ಬಿಳಿ ಪಟ್ಟೆಗಳ ಪರದೆ ತಿರುಗಿಸಿದರು. ಪಟ್ಟೆ ಹೋದ ಕಡೆಗೇ ಹುಳುವೂ ತಿರುಗಿತು. ಆ ಆಯ್ಕೆಗಳನ್ನು ಎಣಿಸಿಯೇ ಅವರು ಹುಳುವಿನ ತಲೆಯೊಳಗಿನ ಲೆಕ್ಕವನ್ನು ಹೊರತೆಗೆದರು: ಒಂದು ಕಣ್ಣುಬಿಂದುವಿನ ಸುದ್ದಿಯನ್ನು ತುಸು ತಡೆದು ಹಿಡಿ, ಪಕ್ಕದ ಬಿಂದುವಿನ ಹೊಸ ಸುದ್ದಿಯೊಂದಿಗೆ ಗುಣಿಸು. ಹಳೆಯದನ್ನು ಹಿಡಿದಿಟ್ಟು ಹೊಸದಕ್ಕೆ ಹೋಲಿಸುವುದು! ಕಾಫಿ ಗಿಡದ ಕಾಂಡ ಕೊರಕನ ಕಾಟದಿಂದ ಬೇಸತ್ತವರಿಗೆ ಹುಳು ಎಂದರೆ ಸಿಟ್ಟು ಬರುವುದು ಸಹಜ. ಆದರೂ ಆ ಪುಟ್ಟ ತಲೆಗಳ ಬಗ್ಗೆ ನನಗೀಗ ಗೌರವವೇ ಹೆಚ್ಚು.

ಆದರೆ ಈ ಕಪ್ಪೆಗಣ್ಣನ್ನು ಮಲೆನಾಡಿನ ಮಳೆಗೆ ಒಡ್ಡಿ ನೋಡಿ! ಜೂನ್ ಬಂತೆಂದರೆ ಕಳಸದ ಸೀಮೆಯಲ್ಲಿ ಅಲುಗದ ವಸ್ತು ಯಾವುದಿದೆ? ಮಳೆಯ ಎಳೆ ಅಲುಗುತ್ತದೆ, ಅಡಿಕೆ ಸೋಗೆ ಅಲುಗುತ್ತದೆ, ಅಂಗಳದ ನೀರಿನಲ್ಲಿ ಬಿದ್ದ ದೀಪದ ಬೆಳಕು ಅಲುಗುತ್ತದೆ, ಮಂಜು ಇಡಿಯಾಗಿ ಎದ್ದು ನಡೆದು ಹೋಗುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾ ತನ್ನದೇ ಅವಕೆಂಪು ದೀಪ ಉರಿಸಿಕೊಳ್ಳುತ್ತದೆ, ಸಾಮಾನ್ಯವಾಗಿ 850 ನ್ಯಾನೋಮೀಟರಿನದು. ನಮ್ಮ ಕಣ್ಣಿಗೆ ಅದು ಮಂಕು ಕೆಂಪು ಚುಕ್ಕೆಗಳು, ಅಷ್ಟೆ. ಲೆನ್ಸಿನ ಮುಂದೆ ಒಂದು ಗೇಣು ದೂರದಲ್ಲಿ ಹಾದ ಹನಿ ಮಾತ್ರ ಆ ಬೆಳಕಿನಲ್ಲಿ ಉರಿಯುವ ಬಾಣವಾಗಿ ಕಾಣುತ್ತದೆ. ಪತಂಗ ಹಾದರೆ ಹಕ್ಕಿಯಷ್ಟು ದೊಡ್ಡದು. ಹುಳ ಸಿಗುವ ಜಾಗವೆಂದು ಜೇಡ ಬಂದು ಕ್ಯಾಮೆರಾದ ಮೂತಿಗೇ ಬಲೆ ನೇಯುತ್ತದೆ. ಆ ಒಂದು ಎಳೆ ಗಾಳಿಗೆ ತೂಗಿದರೆ ಚಿತ್ರದ ಅರ್ಧ ಭಾಗವೇ ತೂಗುತ್ತದೆ. ಮುಸ್ಸಂಜೆ ಹತ್ತಿರ ನಿಂತು ಕಿವಿಗೊಡಿ, ಕ್ಯಾಮೆರಾದ ಒಳಗೆ ‘ಟಿಕ್’ ಎನ್ನುತ್ತದೆ. ಹಗಲಲ್ಲಿ ಅವಕೆಂಪು ಬೆಳಕನ್ನು ತಡೆದಿದ್ದ ಗಾಜು ಪಕ್ಕಕ್ಕೆ ಸರಿಯುವ ಸದ್ದು ಅದು. ಬಣ್ಣದ ಲೋಕ ಒಮ್ಮೆಗೇ ಕಪ್ಪು ಬಿಳುಪಾಗುತ್ತದೆ. ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಗಾಬರಿ ಬೇರೆ ಇಲ್ಲ: ಇಡೀ ಜಗತ್ತೇ ಬದಲಾಯಿತಲ್ಲ!

ಹಾಗಾಗಿ ಅಲುಗಾಟ ಕಾಣುವುದು ಸುಲಭ. ಯಾವ ಅಲುಗಾಟವನ್ನು ಬಿಡಬೇಕು ಎಂದು ತಿಳಿಯುವುದೇ ವಿದ್ಯೆ. 1999ರಲ್ಲಿ ಸ್ಟಾಫರ್ ಮತ್ತು ಗ್ರಿಮ್ಸನ್ ಎಂಬ ಸಂಶೋಧಕರು ಇದಕ್ಕೊಂದು ಸೊಗಸಾದ ದಾರಿ ತೋರಿಸಿದರು. ಒಂದೊಂದು ಚುಕ್ಕೆಯೂ ತನ್ನ ಚರಿತ್ರೆ ತಾನೇ ಬರೆದಿಟ್ಟುಕೊಳ್ಳಲಿ. ಈ ಚುಕ್ಕೆಯಲ್ಲಿ ಒಮ್ಮೆ ಎಲೆ, ಒಮ್ಮೆ ಎಲೆಯ ಹಿಂದಿನ ಆಕಾಶ, ಮತ್ತೆ ಎಲೆ. ಹಾಗಾದರೆ ಎರಡೂ ಇಲ್ಲಿಯವೇ, ಎರಡೂ ಮಾಮೂಲು. ಎಲೆಯೂ ಅಲ್ಲದ, ಆಕಾಶವೂ ಅಲ್ಲದ ಮೂರನೆಯದು ಬಂದರೆ ಮಾತ್ರ ಕೂಗು! ಗಾಳಿಯನ್ನು ಕ್ಯಾಮೆರಾಗೆ ಕಲಿಸುವುದೆಂದರೆ ಇದೇ. ಈಚಿನ ಕ್ಯಾಮೆರಾಗಳು ಇನ್ನೂ ಮುಂದೆ ಹೋಗಿ ಅಲುಗಿದ್ದರ ಆಕಾರ ನೋಡಿ, ಮನುಷ್ಯ, ವಾಹನ ಎಂದು ಬೇರೆ ಮಾಡುತ್ತವೆ. ಆನೆ ಬಂದರೆ? ಕಾಟಿ ಬಂದರೆ? ಪೇಟೆಯ ಮನೆಗೆಂದು ಕಲಿತ ಬುದ್ಧಿಯನ್ನು ಅಷ್ಟಕ್ಕೇ ನಂಬಿ ಕೂರುವುದು ಈ ಸೀಮೆಗೆ ಸಾಲದು. ಇಲ್ಲಿಯ ಕ್ಯಾಮೆರಾ ಇಲ್ಲಿಯ ಪ್ರಾಣಿಗಳನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ದಾರಿಯೂ ಉಂಟು, ಅದಕ್ಕೆ ಚಿತ್ರವೇ ಬೇಕಿಲ್ಲ! ವರಾಂಡದಲ್ಲಿ ಕಾಲಿಟ್ಟೊಡನೆ ಹೊತ್ತಿಕೊಳ್ಳುವ ದೀಪದ ಕೆಳಗೆ, ಸೋಲಾರ್ ಕ್ಯಾಮೆರಾದ ಹೊಟ್ಟೆಯಲ್ಲಿ, ಹಾಲುಬಣ್ಣದ ಪ್ಲಾಸ್ಟಿಕ್ಕಿನ ಉಬ್ಬೊಂದನ್ನು ನೋಡಿರುತ್ತೀರಿ. ಅದು ಪಿಐಆರ್ ಸೆನ್ಸರ್. ಆ ಪ್ಲಾಸ್ಟಿಕ್ಕು ಸಾದಾ ಮುಚ್ಚಳವಲ್ಲ, ಹಲವು ಮಸೂರಗಳ ಜೋಡಣೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಗಳಿಗೆಂದು ರೂಪಿಸಿದ ತೆಳು ಮಸೂರದ ವಂಶದ್ದು. ಹಿಂದೆ ಕೂತಿರುವುದು ಶಾಖ ತಾಗಿದರೆ ವಿದ್ಯುತ್ತು ಹುಟ್ಟಿಸುವ ಹರಳು. ಈ ಗುಣ ಯುರೋಪಿನವರ ಕಣ್ಣಿಗೆ ಬಿದ್ದದ್ದು ನಮ್ಮ ಪಕ್ಕದ ಸಿಂಹಳದಿಂದ! 18ನೇ ಶತಮಾನದ ಮೊದಲ ವರ್ಷಗಳಲ್ಲಿ ಡಚ್ಚರು ಅಲ್ಲಿಂದ ಒಯ್ದ ಟೂರ್ಮಲಿನ್ ಕಲ್ಲನ್ನು ಕೆಂಡದ ಹತ್ತಿರ ಇಟ್ಟರೆ ಅದು ಬೂದಿಯನ್ನು ತನ್ನತ್ತ ಎಳೆಯುತ್ತಿತ್ತು. ಬೂದಿ ಎಳೆದ ಆ ಬಗೆಯ ಶಕ್ತಿಯೇ ಇಂದು ಕಳ್ಳನ ಮೈಶಾಖ ಹಿಡಿಯುತ್ತಿದೆ!

ನಮ್ಮ ಮೈ, ನಾಯಿಯ ಮೈ, ಚಿರತೆಯ ಮೈ ಎಲ್ಲವೂ ಕಾಣದ ಬೆಳಕು ಸೂಸುತ್ತಲೇ ಇರುತ್ತವೆ. ಅದರ ಅಲೆಯ ಉದ್ದ ಹತ್ತು ಮೈಕ್ರಾನಿನ ಆಸುಪಾಸು. ಸೆನ್ಸರಿನಲ್ಲಿ ಹರಳು ಎರಡು, ಒಂದಕ್ಕೊಂದು ಎದುರುಬದುರಾಗಿ ಜೋಡಿಸಿದ್ದು. ಬಿಸಿಲೇರಿ ಎರಡೂ ಒಟ್ಟಿಗೆ ಕಾದರೆ ಒಂದರ ವಿದ್ಯುತ್ತು ಇನ್ನೊಂದರದನ್ನು ಅಳಿಸಿಬಿಡುತ್ತದೆ. ಬಿಸಿ ಮೈಯೊಂದು ಅಡ್ಡ ಹಾದರೆ ಮೊದಲು ಒಂದು, ಆಮೇಲೆ ಇನ್ನೊಂದು ಕಾದು ಏರಿಳಿತ ಹುಟ್ಟುತ್ತದೆ. ಇಲ್ಲಿಯೂ ಕಳೆಯುವ ಲೆಕ್ಕವೇ! ಅದಕ್ಕೇ ಅಡ್ಡ ಹೋಗುವವನು ಬೇಗ ಸಿಕ್ಕಿಬೀಳುತ್ತಾನೆ, ನೇರ ಸೆನ್ಸರಿನತ್ತಲೇ ಬರುವವನು ತಡವಾಗಿ. ಕ್ಯಾಮೆರಾ ಕಟ್ಟುವಾಗ ದಾರಿಗೆ ಅಡ್ಡಲಾಗಿ ಮುಖ ಮಾಡಿಸಬೇಕು ಎನ್ನುವುದು ಈ ಕಾರಣಕ್ಕೆ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಕೆಲಸ ಕೆಟ್ಟಿತು, ಈ ಶಾಖದ ಬೆಳಕಿಗೆ ಗಾಜು ಗೋಡೆಯಿದ್ದಂತೆ.

ಇದೂ ಕಾಡಿಗೆ ಹಳೆಯದೇ! ಮಳೆಗಾಲದಲ್ಲಿ ಹಳ್ಳದ ಪಕ್ಕದ ರೆಂಬೆಯ ಮೇಲೆ ಗಂಟೆಗಟ್ಟಲೆ ಮಿಸುಕದೆ ಕೂರುವ ಗುಳಿಮಂಡಲ ಹಾವಿದೆಯಲ್ಲ, ಮಲಬಾರ್ ಪಿಟ್ ವೈಪರ್, ಅದರ ಕಣ್ಣಿಗೂ ಮೂಗಿಗೂ ನಡುವೆ ಎರಡೂ ಪಕ್ಕಕ್ಕೆ ಒಂದೊಂದು ಗುಳಿ. ಗುಳಿಯೊಳಗೆ ತೆಳ್ಳನೆಯ ಪೊರೆ. ಇಲಿಯ ಮೈಶಾಖ ತಾಗಿ ಆ ಪೊರೆ ಒಂದು ಡಿಗ್ರಿಯ ಸಾವಿರದ ಕೆಲವೇ ಪಾಲಿನಷ್ಟು ಕಾದರೂ ಹಾವಿಗೆ ತಿಳಿಯುತ್ತದೆ. 2010ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಗುಳಿಗಳ ನರಗಳಲ್ಲಿ ಶಾಖಕ್ಕೆ ತೆರೆದುಕೊಳ್ಳುವ ಪ್ರೋಟೀನನ್ನು ಗುರುತಿಸಿತು. ಬೆಳಕನ್ನು ಬೆಳಕಾಗಿ ಹಿಡಿಯುವುದಲ್ಲ, ಅದರಿಂದ ತಾನು ಕಾದದ್ದನ್ನು ಅರಿಯುವುದು. ಹಾವೂ ಹರಳೂ ಮಾಡುವುದು ಒಂದೇ ಕೆಲಸ! ಒಂದೇ ತೋಟದಲ್ಲಿ ಕಪ್ಪೆಯ ವಿದ್ಯೆ ಡಿವಿಆರ್‌ನಲ್ಲಿದೆ, ಹಾವಿನ ವಿದ್ಯೆ ಸೋಲಾರ್ ಕ್ಯಾಮೆರಾದಲ್ಲಿದೆ.

ಅಲುಗಾಟ ಹಿಡಿಯುವ ವಿದ್ಯೆ ತೋಟದ ಬೇಲಿ ದಾಟಿ ಕಾಡಿಗೆ ಹೋದಾಗ ನಡೆದದ್ದು ಇನ್ನೂ ದೊಡ್ಡ ಪವಾಡ. 1920ರ ದಶಕದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡಿನಲ್ಲಿ ದಾರಿಗೆ ತಂತಿ ಕಟ್ಟಿ, ಹುಲಿಯ ಕಾಲಿನಿಂದಲೇ ಹುಲಿಯ ಚಿತ್ರ ತೆಗೆಸಿದರು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತಂತಾನೆ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹುಲಿಯೆಣಿಕೆಗೆ ಹಚ್ಚಿದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ಹುಲಿಯ ಬೆನ್ನು ಹತ್ತಿದವರು ಅವರು. ಚಿಕ್ಕಮಗಳೂರಿನ ಮಗ್ಗುಲಲ್ಲೇ ಇರುವ ಭದ್ರಾ ಕಾಡೂ ಅವರ ಅಧ್ಯಯನದ ತಾಣಗಳಲ್ಲೊಂದು. ದಾರಿಯ ಎರಡೂ ಪಕ್ಕ ಕ್ಯಾಮೆರಾ ಬೇಕು, ಏಕೆಂದರೆ ಹುಲಿಯ ಗುರುತೇ ಅದರ ಪಟ್ಟೆ, ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದುವುದಿಲ್ಲ!

ಎಲ್ಲ ಹುಲಿಗಳೂ ಕ್ಯಾಮೆರಾ ಮುಂದೆ ಬರುವುದಿಲ್ಲವಲ್ಲ, ಎಣಿಸುವುದು ಹೇಗೆ? ಇಲ್ಲಿದೆ ಜಾಣ್ಮೆ. ಮೊದಲ ಸುತ್ತಿನಲ್ಲಿ 10 ಹುಲಿ ಸಿಕ್ಕವು ಎನ್ನಿ. ಎರಡನೇ ಸುತ್ತಿನಲ್ಲಿ ಮತ್ತೆ 10. ಅವುಗಳಲ್ಲಿ 5 ಹಳೆಯ ಮುಖಗಳು. ಅಂದರೆ ಮೊದಲು ಸಿಕ್ಕ ಹತ್ತು, ಕಾಡಿನ ಅರ್ಧ. ಒಟ್ಟು 20! ಕಾಣದ ಹುಲಿಯೂ ಲೆಕ್ಕಕ್ಕೆ ಬಂತು. ನಿಜವಾದ ಗಣಿತ ಇದಕ್ಕಿಂತ ತೊಡಕಿನದು, ತಿರುಳು ಇದೇ. 2018ರ ದೇಶವ್ಯಾಪಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟರು. 3,48,58,623 ಚಿತ್ರಗಳು ಬಂದವು, ಹುಲಿ ಇದ್ದದ್ದು 76,651ರಲ್ಲಿ. ಆ ಗಣತಿ ಗಿನ್ನೆಸ್ ದಾಖಲೆಗೂ ಸೇರಿತು. 2010ರಲ್ಲಿ ಬಂಡೀಪುರದ ಕ್ಯಾಮೆರಾಗೆ ಸಿಕ್ಕ ಗಂಡು ಹುಲಿಯೊಂದರ ಕಥೆ ಕೇಳಿ: ಕಡತದಲ್ಲಿ ಅದರ ಹೆಸರು ಬಿಪಿಟಿ-241. 2011ರಲ್ಲಿ ದೂರದ ಶಿಕಾರಿಪುರ ತಾಲ್ಲೂಕಿನ ಹಳ್ಳಿಯೊಂದರ ಬಳಿ ಒಂದು ಹುಲಿ ಹಿಡಿದರು. ಪಟ್ಟೆ ಹೋಲಿಸಿ ನೋಡಿದರೆ ಅದೇ ಹುಲಿ! ಸುಮಾರು 280 ಕಿಲೋಮೀಟರ್! ಬಂಡೀಪುರಕ್ಕೂ ಶಿಕಾರಿಪುರಕ್ಕೂ ನಡುವೆ ನಕ್ಷೆಯ ಮೇಲೆ ಬೆರಳೆಳೆಯಿರಿ, ಎಷ್ಟು ಕಾಡು, ಎಷ್ಟು ತೋಟ, ಎಷ್ಟು ರಸ್ತೆ!

ಇಷ್ಟು ಬಲವಾದ ಕಣ್ಣನ್ನು ಎತ್ತ ತಿರುಗಿಸುತ್ತೇವೆ ಎಂಬುದರಲ್ಲಿ ಮಾತ್ರ ಎಚ್ಚರ ಇರಲಿ. ಕಣ ಕಾಯುವ ಕ್ಯಾಮೆರಾದ ಅಂಚಿನಲ್ಲಿ ಕೆಲಸಗಾರರ ಲೈನ್ ಮನೆಗಳ ಬಾಗಿಲು, ಬಚ್ಚಲ ದಾರಿ ಸಿಕ್ಕಿಬಿಡುತ್ತವೆ. ಕೆಲಸ ಮುಗಿಸಿ ಬಂದ ಹೆಂಗಸರು ಮಕ್ಕಳು ಅಲ್ಲಿ ತಮ್ಮ ಮನೆಯಲ್ಲಿರುತ್ತಾರೆ. ಚಿತ್ರದ ಬೇಡವಾದ ಭಾಗವನ್ನು ಕಪ್ಪಾಗಿಸುವ ಪ್ರೈವಸಿ ಮಾಸ್ಕ್ ಬಹುತೇಕ ರೆಕಾರ್ಡರ್‌ಗಳಲ್ಲಿ ಉಂಟು, ಒಂದು ನಿಮಿಷದ ಕೆಲಸ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಎಂಬುದನ್ನು ಮರೆಯಬಾರದು.

ಈಗ ನನ್ನ ಆಸೆ ಹೇಳುತ್ತೇನೆ. ಮೂಡಿಗೆರೆ ಎಂದರೆ ತೇಜಸ್ವಿ, ತೇಜಸ್ವಿ ಎಂದರೆ 1980ರ ಕಾದಂಬರಿ ‘ಕರ್ವಾಲೊ’, ‘ಕರ್ವಾಲೊ’ ಎಂದರೆ ಹಾರುವ ಓತಿ! ಅಡಿಕೆ ಮರದ ಕಾಂಡಕ್ಕೆ ಅಂಟಿ ಕೂತಿತೆಂದರೆ ಮರದ ತೊಗಟೆಗೂ ಓತಿಗೂ ವ್ಯತ್ಯಾಸವೇ ಗೊತ್ತಾಗದು. ಅದು ಬಿಸಿರಕ್ತದ ಪ್ರಾಣಿಯಲ್ಲ. ಮೈಶಾಖಕ್ಕೂ ಕಾಂಡದ ಶಾಖಕ್ಕೂ ಅಂತರ ಕಡಿಮೆ, ಮೈಯೂ ಚಿಕ್ಕದು. ಹಾಗಾಗಿ ಹುಲಿ ಹಿಡಿಯುವ ಪಿಐಆರ್ ಕ್ಯಾಮೆರಾಗೆ ಅದು ಸಿಕ್ಕುವುದು ಬಲು ಅಪರೂಪ. ಆದರೆ ಕಳೆಯುವ ಲೆಕ್ಕದ ಸಾದಾ ಕ್ಯಾಮೆರಾಗೆ ಶಾಖದ ಗೊಡವೆಯೇ ಇಲ್ಲ. ತೊಗಟೆಯ ಒಂದು ಚೂರು ಅಲುಗಿದರೆ ಸಾಕು!

ಕಣದಲ್ಲಿ ಕೆಲಸ ಮುಗಿದು ಬಿಡುವಾದ ಕ್ಯಾಮೆರಾ ಒಂದಿದ್ದರೆ, ಓತಿ ಕಂಡುಬರುವ ಅಡಿಕೆ ಮರಕ್ಕೆ ಎರಡು ಮೂರು ಮೀಟರ್ ದೂರದಲ್ಲಿ ಕಟ್ಟಿ. ಕೆಂಪು ಬಲೆಯಲ್ಲಿ ಕಾಂಡದ ಚೌಕಗಳನ್ನು ಮಾತ್ರ ಉಳಿಸಿ, ಉಳಿದದ್ದೆಲ್ಲ ಅಳಿಸಿ. ಸೆನ್ಸಿಟಿವಿಟಿ ಮೇಲಕ್ಕೇರಿಸಿ, ಗಾಳಿಯಿಲ್ಲದ ಬಿಸಿಲ ದಿನ ಆರಿಸಿಕೊಳ್ಳಿ. ಮುಂಚಿನ ಸೆಕೆಂಡುಗಳನ್ನು ಹಿಡಿದಿಡುವ ಪ್ರೀ-ರೆಕಾರ್ಡನ್ನು ರೆಕಾರ್ಡರ್ ಬಿಡುವಷ್ಟೂ ಉದ್ದ ಇಡಿ, ಹಾರುವ ಮುಂಚಿನ ಕ್ಷಣಗಳೇ ನಮಗೆ ಬೇಕಾದದ್ದು. ಇರುವೆ ಹೆಕ್ಕಿ ತಿನ್ನುವುದು, ಗಂಡು ಗಂಟಲ ಕೆಳಗಿನ ಹಳದಿ ಚೀಲ ಚಾಚಿ ಮಡಚುವುದು ಸಿಕ್ಕಬಹುದು. ಹೆಣ್ಣು ಮರದಿಂದ ನೆಲಕ್ಕಿಳಿಯುವುದು ಮೊಟ್ಟೆಯಿಡಲು. ಅದೇನಾದರೂ ಸಿಕ್ಕಿದರೆ ಅಂದೇ ತಾರೀಕು, ಗಂಟೆ ಸಮೇತ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಡಿಸ್ಕು ತುಂಬಿದ ಕೂಡಲೇ ರೆಕಾರ್ಡರ್ ಹಳೆಯದರ ಮೇಲೆಯೇ ಹೊಸದನ್ನು ಬರೆಯಲು ಶುರುಮಾಡುತ್ತದೆ.